ಹದಿನೆಂಟು ಸೆಕೆಂಡು

ಹಾಸ್ಟೆಲ್ ಕೋಣೆ,
ಬುಧವಾರ ಮಧ್ಯಾಹ್ನ

ಅಕ್ಕನಿಗೆ,

ಕ್ಷೇಮ ಸಮಾಚಾರ ಕೇಳುವ ಪತ್ರವಲ್ಲ ಇದು. ನೀನು ಕ್ಷೇಮವಾಗಿಯೇ ಇರುತ್ತೀಯ. ತಂಗಿಯ ಬದುಕಿಗೆ ಕಲ್ಲು ಹಾಕಿ ಬಂದವಳಿಗೆ ಇನ್ನೇನು ಕೊರತೆ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಹೊಲಿಗೆ ಮಿಶಿನ್ ತುಳಿಯುತ್ತಲೇ ಇರುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಓದುವಾಗಲಾದರೂ ನಿನ್ನ ಕಾಲು ಸುಮ್ಮನಿರಲಿ.

ನೀನು ನನ್ನ ಗೈಡ್ ಮೇಡಂಗೆ ಬರೆದ ದೂರು ಸೋಮವಾರ ನನ್ನ ಕೈಗೆ ಬಂತು. ಎರಡು ಪುಟ, ಒಂದೇ ಒಂದು ಚಿತ್ತು ಇಲ್ಲ. ಬಟ್ಟೆ ಕತ್ತರಿಸುವಷ್ಟೇ ನೀಟಾಗಿ ಕತ್ತರಿಸಿದ್ದೀಯ. 'ತಂಗಿ ಸಂಶೋಧನೆಗೆಂದು ತಾಯಿಯ ಧ್ವನಿ ಮುದ್ರಿಸಿಕೊಂಡಳು, ಆಮೇಲೆ ಅದನ್ನೇ ತನ್ನ ಹಾಡಿಗೆ ಹಾಕಿಕೊಂಡಳು, ಮಾತು ಹೋದ ತಾಯಿಯ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ನಾನು, ಹಾಡಿಗೆ ನಾನು ಒಪ್ಪಿಗೆ ಕೊಟ್ಟಿಲ್ಲ.' ಇಷ್ಟನ್ನು ಮೇಡಂ ಕನ್ನಡಕ ತೆಗೆದಿಟ್ಟು ನನ್ನೆದುರಿಗೇ ಗಟ್ಟಿಯಾಗಿ ಓದಿದರು. ಪಕ್ಕದ ಮೇಜಿನ ಗುಮಾಸ್ತ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಬರುವ ಸೋಮವಾರ ವಿಚಾರಣಾ ಸಮಿತಿ ಕೂರುತ್ತದೆ. ಅಮ್ಮನ ಧ್ವನಿ ಹಿಡಿದ ದಿನದ ಮೂಲ ಧ್ವನಿಮುದ್ರಣ ಪೂರ್ತಿಯಾಗಿ ಬೇಕಂತೆ. ತಪ್ಪು ಸಾಬೀತಾದರೆ ಅಮ್ಮನ ಬಗ್ಗೆ ಬರೆದ ಅಧ್ಯಾಯ ಹೋಗುತ್ತದೆ, ಜೊತೆಗೆ ನನ್ನ ನೋಂದಣಿಯೂ ಹೋಗಬಹುದು. ಮೂರು ವರ್ಷದ ಓದು, ಅಕ್ಕ. ನಿನ್ನ ಒಂದು ಸಹಿಗೆ.

ಈ ಮೂರು ವರ್ಷವನ್ನು ನಾನು ಹೇಗೆ ತಳ್ಳಿದೆ ಅಂತ ನೀನು ಒಂದು ದಿನವಾದರೂ ಕೇಳಿದ್ದೀಯಾ? ಬೆಳಿಗ್ಗೆ ಕ್ಲಿನಿಕ್. ಸ್ಟ್ರೋಕ್ ಆಗಿ ಮಾತು ಹೋದವರ ಮುಂದೆ ಕೂತು, ನೇರವಾಗಿ ಹೇಳಲಾಗದ ಪದವನ್ನು ರಾಗಕ್ಕೆ ಹಾಕಿ ಹೇಳಿಸುವುದು. ಮಧ್ಯಾಹ್ನ ಗ್ರಂಥಾಲಯ. ಸಂಜೆ ಗಿಟಾರ್ ಹೊತ್ತುಕೊಂಡು ಬಸ್ಸು ಹತ್ತಿ, ಪುಸ್ತಕದಂಗಡಿಯ ಮಹಡಿಯಲ್ಲಿ ನಾನೇ ಬರೆದ ಹಾಡನ್ನು ನಲವತ್ತು ಕುರ್ಚಿ ಮತ್ತು ಹನ್ನೊಂದು ಜನರ ಮುಂದೆ ಹಾಡುವುದು. ನನ್ನ ಬೆನ್ನಿಗೆ ಯಾವ ಸಂಗೀತ ಕಂಪನಿಯೂ ಇಲ್ಲ. ಕಪಾಟಿನೊಳಗೆ ಕಂಬಳಿ ತೂಗುಹಾಕಿ ಅದರೊಳಗೆ ನಿಂತು ರೆಕಾರ್ಡ್ ಮಾಡುತ್ತೇನೆ. ಒಂದು ಸಲ ಮೌಖಿಕ ಪರೀಕ್ಷೆಯ ಹಿಂದಿನ ದಿನ ಮೂರು ಗಂಟೆ ಹಾಡಿ, ಮರುದಿನ ಗಂಟಲು ಕಟ್ಟಿ, ಧ್ವನಿ ಕಾಪಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಪಿಸುಮಾತಿನಲ್ಲಿ ಉತ್ತರ ಹೇಳಿದೆ. ಪರೀಕ್ಷಕರು ನಕ್ಕಿದ್ದೇ ನಕ್ಕಿದ್ದು. ಓದುವವರ ಕಣ್ಣಿಗೆ ನಾನು ಹಾಡುಗಾರ್ತಿ, ಹಾಡುವವರ ಬಾಯಲ್ಲಿ ಡಾಕ್ಟರಮ್ಮ. ಎರಡೂ ಕಡೆ ಅರ್ಧ ಕುರ್ಚಿ. ಆ ಅರ್ಧವನ್ನೂ ಎಳೆಯಲು ನನ್ನ ಸ್ವಂತ ಅಕ್ಕನೇ ಬರಬೇಕಿತ್ತು.

ನಿನಗೆ ನನ್ನ ಓದಿನ ಬಗ್ಗೆ ಯಾವತ್ತೂ ಎಳ್ಳಷ್ಟೂ ಗೌರವ ಇರಲಿಲ್ಲ. ಮೊದಲ ವರ್ಷದ ಮೊದಲ ಪಾಠದಲ್ಲಿ ಎಂಟು ಜನರ ಧ್ವನಿ ಮುದ್ರಿಸಿ, ಬೆರೆಸಿ ಕೇಳಿಸಿದರು. ಒಬ್ಬರಿಗೂ ತಮ್ಮ ಧ್ವನಿ ಗುರುತು ಸಿಗಲಿಲ್ಲ. ನಮ್ಮ ಧ್ವನಿ ನಮಗೆ ತಲೆಯೊಳಗಿನ ಮೂಳೆಯ ಮೂಲಕವೂ ಕೇಳಿಸುತ್ತದೆ, ಹೊರಗಿನಿಂದ ಬಂದರೆ ಯಾರೋ ಬೇರೆಯವರದು ಅನ್ನಿಸುತ್ತದೆ. ಎಷ್ಟು ಖುಷಿಯಿಂದ ಇದನ್ನು ಫೋನಿನಲ್ಲಿ ಹೇಳಿದೆ ನಿನಗೆ. ನೀನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಇದನ್ನ ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಪೀಪಿ, ಅಂದೆ. ಇಪ್ಪತ್ತೇಳು ವರ್ಷದವಳನ್ನು ಇನ್ನೂ ಪೀಪಿ ಎಂದು ಕರೆಯುವವಳು ಲೋಕದಲ್ಲಿ ನೀನೊಬ್ಬಳೇ.

ಈಗ ಹಾಡಿನ ವಿಷಯ. ಹೌದು, ಅದರ ನಡುವೆ ಬರುವ ಆ ಹದಿನೆಂಟು ಸೆಕೆಂಡಿನ ಗುನುಗು ನಮ್ಮ ಮನೆಯಲ್ಲೇ ಮುದ್ರಿಸಿದ್ದು. ಹೌದು, ಹಾಡಿನ ಕೆಳಗೆ 'ಮಾತು ಕಳೆದುಕೊಂಡ ನನ್ನ ಅಮ್ಮನ ಧ್ವನಿ' ಎಂದು ಬರೆದವಳು ನಾನೇ. ಅದನ್ನು ಓದಿ ಜನ ಅತ್ತರು, ಹಂಚಿದರು. ಕೋಟಿನ ಅಳತೆ ಕೊಡಲು ಬಂದ ಯಾವಳೋ ಹುಡುಗಿ ಅದನ್ನು ನಿನ್ನ ಮುಂದೆ ತನ್ನ ಫೋನಿನಲ್ಲಿ ಹಾಕಿದಳು. ಆ ದಿನವೇ ನೀನು ಫೋನಿನಲ್ಲಿ ಕೆಂಡ ಕಾರಿದೆ. ಅಮ್ಮ ಇಷ್ಟು ಸ್ಪಷ್ಟವಾಗಿ ಗುನುಗಿದ್ದು ಯಾವಾಗ ಅಂತ ಕೇಳಿದೆ ನೀನು. ಕಂಪ್ಯೂಟರಿನಲ್ಲಿ ತಿದ್ದಿದೆ ಅಂದೆ ನಾನು. ಅಮ್ಮನನ್ನ ಸಂತೆಗೆ ಇಟ್ಟೆ ಕಣೇ ನೀನು, ಎಂದು ನನ್ನನ್ನು ಬೈದೆ. ಆ ಮಾತನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ನಿನಗೆ ಸಮಾಧಾನವಾಗುವುದಾದರೆ ಇದನ್ನೂ ಕೇಳು. ಆ ಹಾಡಿನ ಎರಡು ಚರಣ ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು. ಅದರ ಒಂದು ಸಾಲೂ ಯಾರ ಬಾಯಲ್ಲೂ ಇಲ್ಲ. ನಾನು ವೇದಿಕೆ ಹತ್ತಿದರೆ ಜನ, ಆ ಗುನುಗು ಹಾಕಿ, ಆ ಗುನುಗು ಹಾಕಿ, ಎಂದು ಕೂಗುತ್ತಾರೆ. ಅದು ಬರುವಾಗ ನಾನು ಗಿಟಾರ್ ಹಿಡಿದುಕೊಂಡು ಬಾಯಿ ಮುಚ್ಚಿ ನಿಂತಿರುತ್ತೇನೆ. ನನ್ನ ಹಾಡಿನಲ್ಲಿ ಜನಕ್ಕೆ ಬೇಕಾದದ್ದು ನಾನು ಹಾಡದಿರುವ ಜಾಗ.

ತಂಗಿ ಅಮ್ಮನಿಗಾಗಿ ಏನೂ ಮಾಡಿಲ್ಲ ಎಂದು ದೂರಿನ ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಸಾಲು ಓದಿ ಮೈ ಉರಿಯಿತು. ಹದಿನೇಳು ತಿಂಗಳು ಒಂದು ಪದವನ್ನೂ ಆಡದ ಅಮ್ಮ ಮೊದಲ ಸಲ ಬಾಯಿ ಬಿಟ್ಟು 'ಇನ್ನೂ' ಅಂದದ್ದು ಯಾರ ಮುಂದೆ? ನನ್ನ ಪಾಠ ಮುಗಿದ ಗಳಿಗೆಯಲ್ಲಿ. ಇನ್ನಷ್ಟು ಹೇಳಿಕೊಡು ಎಂದು ಕೇಳಿದಳು. ಅದನ್ನು ಕೇಳಿಸಿದಾಗ ಮೇಡಂ ಕುರ್ಚಿಯಿಂದ ಎದ್ದು ನಿಂತರು. ನನ್ನ ಪ್ರಬಂಧ ನಿಂತಿರುವುದೇ ಆ ಒಂದು ಪದದ ಮೇಲೆ. ಆಗ ನೀನೆಲ್ಲಿದ್ದೆ? ಒಳಕೋಣೆಯ ಬಾಗಿಲು ಹಾಕಿಕೊಂಡು, ತಪ್ಪು ಹೊಲಿದ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ನಾನು ಕೂಗಿ ಕರೆದ ಮೇಲೆ ಬಂದೆ. ಬಂದವಳು ಅಮ್ಮನ ಮುಖ ನೋಡಿ, ನನಗೆ ಕೇಳಿಸಲೇ ಇಲ್ಲವಲ್ಲ, ಅಂದೆ. ಹೇಗೆ ಕೇಳಿಸಬೇಕು?

ನಿನ್ನ ಹಳೆಯ ಕತೆ ನನಗೆ ಬಾಯಿಪಾಠ. ಅಪ್ಪ ಹೋದ ವರ್ಷ ನೀನು ಹಾಡುವುದನ್ನು ಬಿಟ್ಟು ಮಿಶಿನ್ ಮುಂದೆ ಕೂತೆ. ನಿನ್ನ ಬಹುಮಾನದ ತಟ್ಟೆಗಳಲ್ಲಿ ಈಗ ಗುಂಡಿಗಳಿವೆ. ನಾನು ಬಾಯಿ ಮುಚ್ಚಿದ್ದಕ್ಕೇ ನೀನು ಬಾಯಿ ಬಿಟ್ಟಿದ್ದು, ಎಂದು ಬಂದವರ ಮುಂದೆಲ್ಲ ಎತ್ತಿ ಆಡುತ್ತೀಯ. ಬಿಡು ಎಂದು ನಾನು ಕೇಳಿದ್ದೆನಾ? ನನಗಾಗ ಹದಿಮೂರು ವರ್ಷ. ಆ ದಿನದಿಂದ ನಾನು ಹಾಡಿದ ಪ್ರತಿ ಸ್ವರದ ಪಕ್ಕದಲ್ಲಿ ನೀನು ಹಾಡದ ಸ್ವರ ಕೂತಿರುತ್ತದೆ. ಅದನ್ನು ಹೊತ್ತು ಹೊತ್ತು ನನಗೆ ಸಾಕಾಗಿದೆ, ಅಕ್ಕ. ನೀನೆಂದರೆ ಪ್ರೀತಿಯೂ ಇದೆ, ಹಾಳಾಗಲಿ, ಆದರೆ ಈ ವಾರ ಅದು ಹುಡುಕಿದರೂ ಸಿಗುತ್ತಿಲ್ಲ.

ಆದ್ದರಿಂದ ಕಡ್ಡಿ ಮುರಿದಂತೆ ಹೇಳುತ್ತೇನೆ. ಹಾಡನ್ನು ನಾನು ತೆಗೆಯುವುದಿಲ್ಲ. ಪೂರ್ತಿ ಧ್ವನಿಮುದ್ರಣವನ್ನು ಸಮಿತಿಗೆ ಕೊಡುವುದೂ ಇಲ್ಲ. ಫೋನು ಕೆಟ್ಟಿತು, ಅಳಿಸಿಹೋಯಿತು ಎನ್ನುತ್ತೇನೆ. ನೀನು ಸಾಕ್ಷಿ ಹೇಳಲು ಬರುವುದಾದರೆ ಧಾರಾಳವಾಗಿ ಬಾ. ಅಮ್ಮನ ಬೆಳಗಿನ ಮಾತ್ರೆ ಬದಲಾಗಿದೆ, ಬಿಳಿಯದಲ್ಲ, ಹಳದಿಯದು. ಪಕ್ಕದ ಮನೆಯವರಿಗೆ ಹೇಳಿಟ್ಟು ಬಾ.

ಇಷ್ಟೇ. ಇನ್ನು ಮೇಲೆ ಏನಿದ್ದರೂ ಸಮಿತಿಯ ಮುಂದೆ.

ಬೇಡವೆಂದರೂ ನಿನ್ನ ತಂಗಿ,
ಪೀಪಿ

ತಾ.ಕ.: ಇದು ಗುರುವಾರ. ಕಾಗದವನ್ನು ಅಂಚೆಗೆ ಹಾಕದೆ ಒಂದು ದಿನ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಮೇಲೆ ಬರೆದದ್ದನ್ನು ಹೊಡೆದು ಹಾಕುವುದಿಲ್ಲ, ಸಿಟ್ಟು ನಿಜವಾದದ್ದೇ. ಆದರೆ ಕವರಿನಲ್ಲಿ ಒಂದು ಪೆನ್ ಡ್ರೈವ್ ಇದೆ. ಆ ದಿನದ ಪೂರ್ತಿ ಧ್ವನಿಮುದ್ರಣ. ಇದರದೇ ಇನ್ನೊಂದು ಪ್ರತಿಯನ್ನು ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಇಟ್ಟು ಬಂದೆ.

ಇಪ್ಪತ್ತೆರಡನೇ ನಿಮಿಷದಿಂದ ಕೇಳು. ನಾನು ಪದಗಳ ಚೀಟಿ ಎತ್ತಿಡುವ ಸದ್ದು ಬರುತ್ತದೆ. ಪಾಠ ಮುಗಿದಿತ್ತು, ಫೋನು ನಿಲ್ಲಿಸಲು ಮರೆತಿದ್ದೆ. ಆಮೇಲೆ ಆ ಗುನುಗು. ಅದು ಅಮ್ಮನದಲ್ಲ ಅಕ್ಕ, ನಿನ್ನದು. ಹೊಲಿಗೆ ಬಿಚ್ಚುವಾಗ ಮಿಶಿನ್ ಓಡುವುದಿಲ್ಲವಲ್ಲ, ತೆಳು ಹಲಗೆಯ ಬಾಗಿಲಾಚೆಯಿಂದ ಬಂತು. ನಿನ್ನ ಧ್ವನಿಯನ್ನು ನೀನೇ ಗುರುತಿಸಲಿಲ್ಲ, ಎಂಟು ಜನರಲ್ಲಿ ಒಬ್ಬರೂ ಗುರುತಿಸದ ಹಾಗೆ. ನಾನು ಮಾತ್ರ ಮೊದಲ ಸ್ವರಕ್ಕೇ ಗುರುತಿಸಿದೆ. ನಿನ್ನ ಹೆಸರು ಹಾಕಲು ಕೈ ಬರಲಿಲ್ಲ. ಹೊಟ್ಟೆಕಿಚ್ಚು, ಬೇರೇನಲ್ಲ.

ಹಾಡಿನಲ್ಲಿ ಅಮ್ಮನ ಧ್ವನಿಯೇ ಇಲ್ಲ ಎಂದು ಹೇಳಿದ್ದರೆ ನಿನ್ನ ದೂರು ಆಗಲೇ ಬಿದ್ದುಹೋಗುತ್ತಿತ್ತು. ಯಾಕೆ ಹೇಳಲಿಲ್ಲವೆಂದರೆ, ಧ್ವನಿಮುದ್ರಣ ಅಲ್ಲಿಗೇ ಮುಗಿಯುವುದಿಲ್ಲ. ನೀನು ಗುನುಗುವುದನ್ನು ನಿಲ್ಲಿಸುತ್ತೀಯ. ಅಮ್ಮ ಎಡಗೈಯಿಂದ ಮಂಚ ತಟ್ಟುತ್ತಾಳೆ. ನನ್ನ ಕಡೆ ಅಲ್ಲ, ನಿನ್ನ ಬಾಗಿಲ ಕಡೆ ತಿರುಗಿ ಮೆಲ್ಲಗೆ 'ಇನ್ನೂ' ಅನ್ನುತ್ತಾಳೆ. ನನ್ನ ಚೀಟಿಗಳಲ್ಲಿ ಆ ಪದ ಇರಲೇ ಇಲ್ಲ. ನಡುವಿನ ನಿನ್ನ ಗುನುಗನ್ನು ಕತ್ತರಿಸಿ, ಆ ಪದವನ್ನು ನನ್ನ ಪಾಠದ ಕೊನೆಗೆ ಜೋಡಿಸಿ ಮೇಡಂಗೆ ಕೇಳಿಸಿದೆ. ಬರುವ ಸೋಮವಾರದ ಹೊತ್ತಿಗೆ ಇದೆಲ್ಲ ಅವರಿಗೂ ಗೊತ್ತಾಗಿರುತ್ತದೆ.

ಅಮ್ಮ ಅದನ್ನು ಎರಡು ಸಲ ಹೇಳಿದ್ದಾಳೆ. ಎರಡನೇ ಸಲ ಹೇಳುವಷ್ಟರಲ್ಲಿ ನೀನು ಮಿಶಿನ್ ತುಳಿಯಲು ಶುರು ಮಾಡಿದ್ದೆ.