ಗಂಗೆ ಪೂಜೆಯ ದಿನ ಕೊಳವೆ ಎತ್ತಬೇಡಿ

ಹಿರೇಬಾವಿ
ಫೆಬ್ರುವರಿ 30, 2231

ಶಾಲಿನಿ ಹಂಚಿನಮನಿಯವರಿಗೆ ನೀಲಗಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ, ನಾನು ನಿಮಗಿಂತ ಇನ್ನೂರು ವರ್ಷ ಮುಂದಿನವಳು. ಮೇ ತಿಂಗಳ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಅದರಿಂದ ಎರಡು ದಿನ ಕಿತ್ತು ಫೆಬ್ರುವರಿಗೆ ಕೊಟ್ಟರು, ಬಿಸಿಲೇನೂ ಕಡಿಮೆಯಾಗಲಿಲ್ಲ. ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಪತ್ರದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ಪದ್ಧತಿ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಇಲ್ಲಿ ಹಗಲಿನಲ್ಲಿ ‘ಬಾಗಿಲಹೊತ್ತು’ ಅಂತ ಒಂದಿದೆ. ಬಿಸಿಲೇರಿದ ಮೇಲೆ ಇಳಿಯುವತನಕ ಯಾರೂ ಹೊಸ್ತಿಲು ದಾಟುವುದಿಲ್ಲ. ಅಡುಗೆ, ಒಗೆತ, ಜಗಳ ಎಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಹೊಳೆ ಇದ್ದ ಕಡೆ ಈಗ ರಸ್ತೆ ಇದೆ. ಊರಿಗೆಲ್ಲ ಒಂದೇ ಬಾವಿ. ಅದರಲ್ಲಿ ನೀವು ಕಂಡುಹಿಡಿದ ಕೊಳವೆಯೇ ಇವತ್ತಿಗೂ ತೂಗುತ್ತದೆ. ನಾವದಕ್ಕೆ ‘ನೀರಗಾವಲು’ ಎನ್ನುತ್ತೇವೆ. ಬಾಟಲಿಯಲ್ಲಿ ಮೊಗೆದು ಪರೀಕ್ಷಿಸಿದರೆ ಆ ಗಳಿಗೆಯ ನೀರಷ್ಟೇ ತಿಳಿಯುತ್ತದೆ. ನಿಮ್ಮ ಕೊಳವೆ ವಾರಗಟ್ಟಲೆ ಬಾವಿಯೊಳಗೇ ಇದ್ದು, ಹಾದುಹೋಗುವ ವಿಷವನ್ನು ತನ್ನ ಇದ್ದಿಲಿನಲ್ಲಿ ಹಿಡಿದಿಟ್ಟು, ಅದು ಎಷ್ಟು ಹರಿಯುತ್ತಿದೆ, ಎತ್ತ ಹೊರಟಿದೆ ಎಂದು ಹೇಳುತ್ತದೆ. ಅವಸರ ಮಾಡಿದರೆ ಏನೂ ಹೇಳುವುದಿಲ್ಲ.

ನಿಮ್ಮ ಕಾಲದಲ್ಲಿ ಅವಸರವೇ ಆಯಿತು. ನಿಮಗದು ಇನ್ನು ನಡೆಯಬೇಕಾದದ್ದು. ಬಣ್ಣದ ಕಾರ್ಖಾನೆಯ ಕೊಳೆನೀರಿನ ಹೊಂಡದ ಪಕ್ಕದ ಬಾವಿಗೆ ನೀವು ಕೊಳವೆ ಇಳಿಬಿಡುತ್ತೀರಿ. ಅದೇ ವಾರ ಒಬ್ಬ ಬಾಣಂತಿಯ ಗಂಗೆ ಪೂಜೆ ಬರುತ್ತದೆ. ಹೆಂಗಸರು ಆರತಿ ತಟ್ಟೆ ಹಿಡಿದು ಬಂದು, “ಗಂಗವ್ವನ ಹೊಟ್ಟ್ಯಾಗ ಇದೇನ್ ತೂಗಬಿಟ್ಟೀರಿ? ಮೊದಲ ತಗೀರಿ” ಎನ್ನುತ್ತಾರೆ. ನೀವು ಮರ್ಯಾದಸ್ಥರು, ಶುಭದ ದಿನ ಮಾತು ಬೆಳೆಸುವುದು ಬೇಡವೆಂದು ಎತ್ತಿಬಿಡುತ್ತೀರಿ. ಕೊಳವೆಯಲ್ಲಿ ಏನೂ ಸಿಕ್ಕಿರುವುದಿಲ್ಲ. ಬಾವಿ ಶುದ್ಧವೆಂದಾಗುತ್ತದೆ, ಹೊಂಡದ ಮೇಲೆ ಮಣ್ಣೆಳೆದು ಎಲ್ಲರೂ ಮರೆಯುತ್ತಾರೆ.

ಆ ಬಾವಿಯಿಂದ ನಮ್ಮ ಬಾವಿಗೆ ಕೂಗಳತೆ ದೂರ. ಅಷ್ಟು ದೂರ ಬರಲು ವಿಷಕ್ಕೆ ಇನ್ನೂರು ವರ್ಷ ಹಿಡಿಯಿತು, ಆದರೆ ಬಂತು. ನಿನ್ನೆ ಎತ್ತಿದ ನೀರಗಾವಲಿನಲ್ಲಿ ಸಿಕ್ಕಿದೆ. ಊರಿನವರು ಕೂತು ಮಾತಾಡಿದ್ದೇ ಮಾತಾಡಿದ್ದು, ಬೇರೆ ನೀರು ಎಲ್ಲಿಂದ ತರುವುದೆಂದು ಒಬ್ಬರೂ ಹೇಳಲಿಲ್ಲ. ನಾಳೆ ನನ್ನ ಸೊಸೆ ಇಂಚರಾಳ ಗಂಗೆ ಪೂಜೆ. ಬಾವಿಗೆ ಕುಂಕುಮವಿಟ್ಟು ಅವಳು ಬೊಗಸೆ ನೀರು ಕುಡಿಯಬೇಕು, ಕೂಸು ಅವಳ ಹಾಲು ಕುಡಿಯಬೇಕು. “ನೀರ ತಿಳಿ ಅದಾವಲ್ರೀ ಅತ್ತಿ, ಯಾಕ ಅಂಜತೀರಿ?” ಎನ್ನುತ್ತಾಳೆ. ನನಗೆ ಭಯವಾಗಿದೆ. ಪೂಜೆ ಬಿಡಿಸಬಹುದು, ನೀರು ಬಿಡಿಸುವುದು ಹೇಗೆ?

ತಾಯಿ, ಆ ದಿನ ಕೊಳವೆ ಎತ್ತಬೇಡಿ. ಬೈದರೆ ಬೈಸಿಕೊಳ್ಳಿ. ಮಡಿ ಮೈಲಿಗೆ ಎಂದರೆ, ಎಲ್ಲ ನಿಮ್ಮ ತಲೆಗೇ ಕಟ್ಟಿಕೊಳ್ಳಿ. ನಮ್ಮ ಸಲುವಾಗಿ ಅಲ್ಲದಿದ್ದರೆ, ಆರತಿ ತಟ್ಟೆಯ ಹಿಂದೆ ಕೊಡ ಹಿಡಿದು ನಿಂತ ಆ ಬಾಣಂತಿಯ ಸಲುವಾಗಿ. ನಮಗೆ ಅದು ಬಂದದ್ದು ಇನ್ನೂರು ವರ್ಷದ ಮೇಲೆ. ಅವಳು ಕುಡಿಯುವುದು ಅವತ್ತಿನಿಂದಲೇ.

ಇತಿ,
ನೀಲಗಂಗವ್ವ