ಕೇಳಿದಾಕಿ ಬಾವಿ

ಧಾರವಾಡ
ಇಸವಿ ೨೧೬೩, ಫೆಬ್ರುವರಿ ೩೦, ರವಿವಾರ, ಊಟವಾದ ಮೇಲೆ

ಕೆಲಗೇರಿ ಕೆರೆಯ ಓಟದಲ್ಲಿ ನೀರು ಎಲ್ಲಿದೆ ಎಂದು ಕೇಳಿದ, ಅಲ್ಲ, ಇನ್ನು ಮುಂದೆ ಕೇಳಲಿರುವ ತಾಯಿಯವರಿಗೆ ಕಾಶೀಬಾಯಿ ಮೊರಬಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಇಪ್ಪತ್ತೆಂಟೇ ದಿನ ಎಂದು ಓದಿದ್ದೇನೆ. ನನ್ನ ಅಜ್ಜಿಯ ಕಾಲದಲ್ಲಿ ಯಾರೋ ಪುಣ್ಯಾತ್ಮರು ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಈ ಬಡಪಾಯಿ ತಿಂಗಳಿಗೆ ಕೊಟ್ಟರು. ಅದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ, ಆದರೆ ಮೂವತ್ತನೇ ತಾರೀಖಿಗೆ ರಜೆ ಸಿಕ್ಕಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬಹಳಷ್ಟು ಜನ ಸತ್ತ ತಾಯಿಗೋ ಬಿಟ್ಟುಹೋದ ಗೆಳೆಯನಿಗೋ ಬರೆಯುತ್ತಾರೆ. ನಾನು ಅರವತ್ತೊಂದು ವರ್ಷ ಜೋಪಾನ ಮಾಡಿಟ್ಟಿದ್ದ ಆ ಒಂದು ಪತ್ರವನ್ನು ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ಯಾಕೆಂದು ಓದಿದರೆ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಈಗ ಯಾರೂ ದಾರಿ ತಪ್ಪುವುದಿಲ್ಲ. ಎಲ್ಲರ ಕಿವಿಯಲ್ಲೂ ಒಂದು ಕಿವಿಗಿಳಿ ಇರುತ್ತದೆ. ಜೋಳದ ಕಾಳಿನಷ್ಟು ಸಣ್ಣದು. ಎಡಕ್ಕೆ ಹೊರಳಿ, ಮೂರು ಮೆಟ್ಟಿಲಿದೆ, ಎದುರಿಗೆ ಬರುವವರು ನಿಮ್ಮ ಷಡ್ಡಕರು, ನಮಸ್ಕಾರ ಮಾಡಿ ಎಂದು ಅದು ಹೇಳುತ್ತಿರುತ್ತದೆ. ಓಡಾಡುವುದೆಲ್ಲ ತಂಪುದಾರಿಯಲ್ಲಿ. ಅಂದರೆ ಮೇಲೆ ಬಳ್ಳಿಯ ಚಪ್ಪರ, ಕೆಳಗೆ ನೀರು ಹರಿಯುವ ಕೊಳವೆ ಇರುವ ದಾರಿ. ಬಿಸಿಲು ನಿಮ್ಮ ಕಾಲದಂತೆ ಉಳಿದಿಲ್ಲ ನೋಡಿ. ಅದಕ್ಕೆ ತಂಪುದಾರಿ ಬೇಕು, ನಾನು ಬೇಡ ಎನ್ನುವುದಿಲ್ಲ. ಬೆಳಗ್ಗೆ ಐದಕ್ಕೆ ಹಾಲು, ಆರಕ್ಕೆ ಶಾಲೆ, ಹತ್ತಕ್ಕೆ ಊರೆಲ್ಲ ಬಾಗಿಲು ಹಾಕಿ ಮಲಗುತ್ತದೆ, ಸಂಜೆ ನಾಲ್ಕಕ್ಕೆ ಎದ್ದು ಗಿರಮಿಟ್ ತಿನ್ನುತ್ತದೆ. ಹೌದು, ಗಿರಮಿಟ್ ಇನ್ನೂ ಇದೆ. ಅದರಲ್ಲಿ ಚುರುಮುರಿ ಮೊದಲಿನಷ್ಟು ಗರಿಗರಿಯಾಗಿಲ್ಲ ಎಂದು ಹಿರಿಯರು ಇನ್ನೂ ಗೊಣಗುತ್ತಾರೆ.

ಇಂಥ ಊರಿನಲ್ಲಿ ನಾನು ನಕ್ಷೆ ಓಟದ ಸಂಘದ ಕಾರ್ಯದರ್ಶಿ. ನಿಮ್ಮ ಕಾಲದವರು ಇದನ್ನು ಓರಿಯಂಟಿಯರಿಂಗ್ ಎನ್ನುತ್ತಿದ್ದರಂತೆ. ಆಟ ಅದೇ. ಕೈಯಲ್ಲಿ ನಕ್ಷೆ, ಹೆಬ್ಬೆರಳಿಗೆ ಕಟ್ಟಿದ ದಿಕ್ಸೂಚಿ. ಗುಡ್ಡದಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಾವುಟಗಳು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಓಡಬೇಕು, ಮುಟ್ಟಿದ್ದಕ್ಕೆ ಗುರುತಾಗಿ ಚೀಟಿಗೆ ತೂತು ಹೊಡೆದುಕೊಳ್ಳಬೇಕು. ನಡುವೆ ಯಾವ ದಾರಿಯಲ್ಲಿ ಹೋದಿರಿ ಎಂದು ಯಾರೂ ಕೇಳುವುದಿಲ್ಲ. ಆಟದ ಸೊಗಸೆಲ್ಲ ಅಲ್ಲಿದೆ. ಕಿವಿಗಿಳಿ ತೆಗೆದಿಟ್ಟು ಬರಬೇಕೆಂಬುದು ಸಂಘದ ಒಂದೇ ನಿಯಮ. ಆ ನಿಯಮ ಕೇಳಿದ ತಕ್ಷಣ ಜನ ಹಿಂದೆ ಸರಿಯುತ್ತಾರೆ. ಇವತ್ತು ಬೆಳಗಿನವರೆಗೆ ನಾವು ಏಳೇ ಜನ, ಏಳೂ ಜನಕ್ಕೆ ಮೊಣಕಾಲು ನೋವು.

ನಾವು ಓಡುವ ಜಾಗ ನವಿಲುಗುಡ್ಡ. ಕೆರೆಯ ಪಕ್ಕದ ಕುರುಚಲು ಗುಡ್ಡ, ಊರಿನಲ್ಲಿ ಚಪ್ಪರವಿಲ್ಲದೆ ಉಳಿದ ಒಂದೇ ನೆಲ. ಅದರ ನಕ್ಷೆ ಬರೆಯುವವರು ದಾವಲಸಾಬ್ ನದಾಫರು, ನಮಗೆಲ್ಲ ದಾವಲ ಕಾಕಾ. ಎಪ್ಪತ್ತೆಂಟು ವರ್ಷ. ನಲವತ್ತು ವರ್ಷದಿಂದ ಆ ಗುಡ್ಡದ ಒಂದೊಂದು ಬಂಡೆ, ಒಂದೊಂದು ಕವಳಿ ಪೊದೆ, ಹುತ್ತ, ಹಳ್ಳ ಎಲ್ಲವನ್ನೂ ಹೆಜ್ಜೆ ಎಣಿಸಿ ಕಾಗದಕ್ಕೆ ಇಳಿಸಿದವರು. ಹೆಂಡತಿ ತೀರಿಕೊಂಡ ಮೇಲೆ ಮೂರನೇ ದಿನಕ್ಕೆ ಗುಡ್ಡಕ್ಕೆ ಹೋಗಿ ಬಿದ್ದಿದ್ದ ಒಂದು ಮರವನ್ನು ನಕ್ಷೆಯಿಂದ ಅಳಿಸಿ ಬಂದರು. ಆ ದಿನ ಅವರ ಮುಖ ನೋಡಿದವಳು ನಾನು.

ಎರಡು ತಿಂಗಳ ಹಿಂದೆ ನೆರಳು ಮಂಡಳಿಯಿಂದ ಓಲೆ ಬಂತು. ಬಳಕೆಯಿಲ್ಲದ ಬಯಲಿಗೆಲ್ಲ ಚಪ್ಪರ ಹಾಕಿ ಸಸಿಮನೆ ಮಾಡುವ ಮಂಡಳಿ ಅದು. ಗುಡ್ಡ ಬೇಕೆನ್ನುವವರು ನಲವತ್ತು ಜನ ಆ ನೆಲದ ಮೇಲೆಯೇ ನಿಂತು ಸಹಿ ಹಾಕಿ ಕೊಡಬೇಕು, ಫೆಬ್ರುವರಿ ಮೂವತ್ತರ ಮಧ್ಯಾಹ್ನದೊಳಗೆ. ಇಲ್ಲದಿದ್ದರೆ ಮಾರ್ಚ್ ಒಂದಕ್ಕೆ ಕಂಬ ನೆಡುತ್ತಾರೆ. ಕಾಕಾ ಓಲೆಯನ್ನು ಎರಡು ಸಲ ಓದಿ ಮಡಚಿಟ್ಟು, "ನನ್ನ ನಕ್ಷಿ ಸುಳ್ಳಾಗ್ತೈತಿ ನೋಡವಾ ಕಾಶವ್ವ" ಎಂದರು. ಅಷ್ಟೇ.

ಮನೆ ಮನೆ ತಿರುಗಿದೆವು. ಜನ ಚಹಾ ಕೊಟ್ಟರು, ಸಹಿಗೆ ಗುಡ್ಡಕ್ಕೆ ಬರಲು ಒಪ್ಪಲಿಲ್ಲ. ತಂಪುದಾರಿ ಇಲ್ಲದ ಕಡೆ ಗಿಳಿ ಮೂಕವಾಗುತ್ತದೆ, ಅಂಥ ಜಾಗವೆಂದರೆ ಭಯ. ಆಗ ಒಂದು ದಿನ ಸಂಘದ ಹಳೆಯ ದಫ್ತರ ತೆಗೆದೆ. ಮೊದಲ ಪುಟಗಳಲ್ಲೇ ನಿಮ್ಮ ಕಾಲದ ಬರಹ ಸಿಕ್ಕಿತು. ಆಗ ಸಂಘ ಕಟ್ಟಿದವರು ಇಬ್ಬರು, ಸದಸ್ಯರೂ ಅವರಿಬ್ಬರೇ, ಮುಚ್ಚುವ ಮಾತಾಡುತ್ತಿದ್ದರು. ಕಡೆಯ ಯತ್ನವೆಂದು ಊರವರ ರವಿವಾರದ ಓಟಕ್ಕೆ ಹೋಗಿದ್ದಾರೆ. ಬರೆದದ್ದು ಇಷ್ಟೇ: "ಕೆರೆ ಓಟದಲ್ಲಿ ಟೇಬಲ್ ಹಾಕಿದೆವು. ಅರವತ್ತು ನಕ್ಷೆ ಒಯ್ದಿದ್ದೆವು, ಐವತ್ತೊಂಬತ್ತು ವಾಪಸ್ ತಂದೆವು. ಒಬ್ಬಾಕೆ ಬಂದು ನೀರು ಎಲ್ಲಿದೆ ಎಂದು ಕೇಳಿದರು. ನಕ್ಷೆಯಲ್ಲಿ ಗುಡ್ಡದ ಬಾವಿ ತೋರಿಸಿದೆವು. ತಾವೇ ಹುಡುಕಿಕೊಂಡು ಹೋಗಿ ಕುಡಿದು ಬಂದು, ಇನ್ನೊಂದು ಹುಡುಕಲು ಕೊಡಿ ಎಂದರು. ಮುಂದಿನ ವಾರ ಐದು ಜನರನ್ನು ಕರೆತಂದರು." ಹೆಸರು ಬರೆದಿಲ್ಲ, ನೋಡಿ ಆ ದಡ್ಡರ ಕೆಲಸ. ಆದರೆ ನಮ್ಮ ನಕ್ಷೆಯಲ್ಲಿ ಆ ಬಾವಿಗೆ ಇಂದಿಗೂ ಕೇಳಿದಾಕಿ ಬಾವಿ ಎಂದೇ ಹೆಸರು. ಯಾಕೆ ಆ ಹೆಸರೆಂದು ನನಗೆ ಗೊತ್ತಾದದ್ದು ಆ ದಿನವೇ.

ಹಾಗಾದರೆ ನಾವೂ ಓಟಕ್ಕೆ ಹೋಗೋಣ ಎಂದು ತೀರ್ಮಾನಿಸಿದೆವು. ರವಿವಾರದ ಓಟ ಇಂದಿಗೂ ನಡೆಯುತ್ತದೆ: ಕೆರೆಯ ಏರಿಯಿಂದ ಹೊರಟು, ತಂಪುದಾರಿಯಲ್ಲಿ ನವಿಲುಗುಡ್ಡವನ್ನು ಬಳಸಿ, ಮತ್ತೆ ಏರಿಗೆ. ಐದು ಕಿಲೋಮೀಟರು. ನಡೆಸುವವರು ತ್ರಿವೇಣಿ ಅಕ್ಕಿ, ನಿವೃತ್ತ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಅವರ ಸೀಟಿಗೆ ಕೆರೆಯ ಬಾತುಕೋಳಿಗಳೂ ಸಾಲಾಗಿ ನಿಲ್ಲುತ್ತವೆ. ಸಹಿಗೆ ಕಡೆಯ ದಿನವಾದ ಇವತ್ತು ಬೆಳಗ್ಗೆ ಎಲ್ಲರ ಜೊತೆ ಓಡಿ, ಪರಿಚಯ ಬೆಳೆಸಿ, ಆಮೇಲೆ ನಕ್ಷೆ ಹಂಚಿ ಗುಡ್ಡಕ್ಕೆ ಕರೆಯುವುದು ನಮ್ಮ ಉಪಾಯ. ಕಾಕಾ ಕೂಡ ಬಂದರು. ಅರವತ್ತು ನಕ್ಷೆ ಒಯ್ದೆವು. ಶಕುನ ಇರಲಿ ಎಂದು ಅದೇ ಲೆಕ್ಕ.

ಇನ್ನು ನಾಚಿಕೆಗೇಡಿನ ಸಂಗತಿ. ಅಕ್ಕೋರು ಪ್ರತಿ ಕಿಲೋಮೀಟರಿಗೆ ಒಂದೊಂದು ಫಲಕ ನಿಲ್ಲಿಸಿದ್ದರು, ಒಂದರಿಂದ ಐದು. ನಮ್ಮ ಗ್ರಹಚಾರಕ್ಕೆ ಅವಕ್ಕೆ ಕಿತ್ತಳೆ ಬಣ್ಣ ಬಳಿದಿದ್ದರು. ಸೀಟಿ ಊದಿದರು. ಇನ್ನೂರು ಜನ ದಾರಿ ಹಿಡಿದು ಎಡಕ್ಕೆ ಹೊರಳಿದರು. ಕಿತ್ತಳೆ ಬಣ್ಣದ ಅಂಕಿ ಕಂಡಿದ್ದೇ ತಡ, ನಾವು ಏಳೂ ಜನ ಬೇಲಿ ಹಾರಿ ಗುಡ್ಡ ಹತ್ತಿದೆವು. ಆಣೆ ಮಾಡಿ ಹೇಳುತ್ತೇನೆ, ಯಾರೂ ಬೇಕೆಂದು ಮಾಡಿದ್ದಲ್ಲ. ಒಂದು, ಎರಡು, ಮೂರು ಎಂದು ಬರೆದಿದ್ದರೆ ನಮ್ಮ ಕಾಲು ತಾವಾಗಿಯೇ ಹತ್ತಿರದ ದಾರಿ ಆರಿಸಿಕೊಳ್ಳುತ್ತವೆ. ನಾನಂತೂ ಪ್ರತಿ ಫಲಕದ ಹತ್ತಿರವೂ ನಿಂತು, ಎದೆಗೆ ಅಂಟಿಸಿದ ಓಟದ ಚೀಟಿಗೆ ಸೆರಗಿನ ಪಿನ್ನಿನಿಂದ ತೂತು ಹೊಡೆದುಕೊಂಡೆ. ನಾಲ್ಕನೇ ಫಲಕದ ಬಳಿ ನೀರು ಕೊಡುವವರು ಇನ್ನೂ ಲೋಟ ತೊಳೆಯುತ್ತಿದ್ದರು. ಮೊದಲು ಬಂದ ಗಂಡಸಿಗಿಂತ ಒಂಬತ್ತು ನಿಮಿಷ ಮೊದಲು, ಅರವತ್ತೊಂದರ ಈ ಮುದುಕಿ ಗೆರೆ ದಾಟಿದಳು. ಗೆದ್ದೆನೆಂದು ಕೈ ಎತ್ತಿಯೂ ಬಿಟ್ಟಿದ್ದೆ.

ಅಕ್ಕೋರು ನನ್ನ ಎದೆಯ ಮೇಲಿನ ತೂತುಗಳನ್ನು ನೋಡಿದರು, ನನ್ನ ಕೂದಲಲ್ಲಿದ್ದ ಮುಳ್ಳು ನೋಡಿದರು. "ಏನ್ರೀ ಕಾಶೀಬಾಯಿ, ಓಡಾಕ ಬಂದೀರೋ, ಓಟಾ ತಪ್ಪಸಾಕ ಬಂದೀರೋ?" ಎಂದರು. ಇನ್ನೂರು ಜನರ ಎದುರು ನಮ್ಮ ಏಳೂ ಹೆಸರಿಗೆ ಗೆರೆ ಎಳೆದರು. ಓಟದವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಕ್ಷೆ ಕೊಡಲು ಹೋದರೆ ಯಾರೂ ಕೈ ಚಾಚಲಿಲ್ಲ. ಆಗ ಗಂಟೆ ಏಳು. ಮಧ್ಯಾಹ್ನಕ್ಕೆ ಐದೇ ತಾಸು. ಗುಡ್ಡವನ್ನು ನಾವೇ ನಮ್ಮ ಕೈಯಾರೆ ಕಳೆದೆವು ಎಂದು ನಾನು ಏರಿಯ ಮೇಲೆ ಕುಸಿದು ಕುಳಿತೆ. ಕಾಕಾನಿಗೆ ಹೇಗೆ ಹೇಳಲಿ ಎಂದು ತಲೆ ಎತ್ತಿ ನೋಡಿದರೆ ಕಾಕಾ ಇಲ್ಲ. ಆರು ಜನ ಬಂದಿದ್ದೇವೆ, ಏಳನೆಯವರು ಇನ್ನೂ ಗುಡ್ಡದಲ್ಲಿದ್ದಾರೆ.

ಏಳೂವರೆಯಾಯಿತು. ಬಿಸಿಲು ಏರುತ್ತಿತ್ತು. ನಗು ನಿಂತಿತು. ಅಕ್ಕೋರು ಹತ್ತಿರ ಬಂದು ಮೆಲ್ಲಗೆ, "ಅವರ ಗಿಳಿಗೆ ಕೂಗರಿ" ಎಂದರು. ಕಾಕಾ ಗಿಳಿ ಇಟ್ಟುಕೊಳ್ಳುವುದಿಲ್ಲ ಎಂದೆ. ಇಟ್ಟುಕೊಂಡಿದ್ದರೂ ಗುಡ್ಡದಲ್ಲಿ ಅದಕ್ಕೆ ಬಾಯಿಲ್ಲ. ಅಕ್ಕೋರು ನನ್ನ ಕೈಯಿಂದ ನಕ್ಷೆಯ ಕಟ್ಟು ಕಿತ್ತುಕೊಂಡು ಸೀಟಿ ಊದಿದರು. ಮೂರು ಮೂರು ಜನರ ಗುಂಪು ಮಾಡಿದರು, ಗುಂಪಿಗೆ ಮೂರು ನಕ್ಷೆ. ಅರವತ್ತೂ ಖಾಲಿ. ಉಳಿದವರು ದಾರಿಯುದ್ದಕ್ಕೂ ಕೂಗುತ್ತ ನಿಂತರು. ನಾವು ಆರು ಜನ ಅವಸರದಲ್ಲೇ ಪಾಠ ಹೇಳಿದೆವು: ಕಪ್ಪು ಚುಕ್ಕೆ ಬಂಡೆ, ನೀಲಿ ಗೆರೆ ಹಳ್ಳ, ದಿಕ್ಸೂಚಿಯ ಕೆಂಪು ಮುಳ್ಳು ಉತ್ತರ. ಒಂದೊಂದು ಗುಂಪಿಗೆ ಒಂದೊಂದು ಬಂಡೆ, ಒಂದೊಂದು ಹಳ್ಳ ಗುರುತು ಹಾಕಿ ಕೊಟ್ಟೆ.

ನನ್ನ ಪಾಲಿಗೆ ಬಂದವರು ಅಕ್ಕೋರು ಮತ್ತು ಗುರುಲಿಂಗ ಹಂಪಿಹೊಳಿ. ಗುರುಲಿಂಗ ಬೇಕರಿಯವನು, ತೂಕದ ಆಸಾಮಿ, ಹದಿನೆಂಟು ವರ್ಷದಿಂದ ಆ ಓಟದಲ್ಲಿ ಕಡೆಯವನಾಗಿ ಬಂದ ದಾಖಲೆ ಅವನದು. ಬೇಲಿ ದಾಟಿದ ನೂರು ಹೆಜ್ಜೆಗೆ ಅವರಿಬ್ಬರ ಗಿಳಿ, ಇಲ್ಲಿ ದಾರಿ ಇಲ್ಲ, ಇಲ್ಲಿ ದಾರಿ ಇಲ್ಲ ಎಂದು ಎರಡು ಸಲ ಹೇಳಿ ಸುಮ್ಮನಾದವು. ಅಕ್ಕೋರ ಮುಖ ಸಣ್ಣದಾಯಿತು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದರು. ನಾನು ತಿರುಗಿಸಿ ಕೊಟ್ಟೆ. ಗುರುಲಿಂಗ ಮಾತ್ರ ಬೆರಳಿಟ್ಟು ಓದಿಕೊಂಡು, "ಈ ಬಂಡಿ ಇದಾ ಏನ್ರಿ? ಹಂಗಾರ ಹಳ್ಳಾ ಅಲ್ಲಿ ಇರಬೇಕಲ್ಲ" ಎಂದ. ಹೋಗಿ ನೋಡಿದರೆ ಹಳ್ಳ ಅಲ್ಲೇ ಇತ್ತು. ಅವನು ನನ್ನ ಕಡೆ ತಿರುಗಿದಾಗಿನ ಮುಖ ನಾನು ಸಾಯುವತನಕ ಮರೆಯುವುದಿಲ್ಲ. ಇಡೀ ಗುಡ್ಡ ತನ್ನದೇ ಎಂಬಂತೆ ಮುಂದೆ ನಡೆದ. ಅಕ್ಕೋರು ಹಿಂದೆ ಓಡುತ್ತ, "ಗುರಲಿಂಗಾ, ನಿಂದರೋ, ಮುಂದಿನ ಗುರ್ತು ನಾ ಹಿಡೀತೀನಿ" ಎಂದು ಕೂಗಿದರು. ದೂರದ ಪೊದೆಗಳಿಂದಲೂ ಅಂಥದೇ ಕೂಗು ಕೇಳಿಸುತ್ತಿತ್ತು. ಸಿಕ್ಕತು, ಸಿಕ್ಕತು ಎಂದರೆ ಕಾಕಾ ಸಿಕ್ಕರೇನೋ ಎಂದು ಎದೆ ಹಾರುತ್ತಿತ್ತು. ಅವರಿಗೆ ಸಿಕ್ಕಿದ್ದು ಬಂಡೆ.

ನೀಲಿ ಗುರುತು ಹಿಡಿದು ಮೊದಲು ಬಾವಿ ಮುಟ್ಟಿದವರು ಅಕ್ಕೋರು. ಬಾವಿಕಟ್ಟೆಯ ನೆರಳಿನಲ್ಲಿ ದಾವಲ ಕಾಕಾ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು ಪೆನ್ಸಿಲ್ ಆಡಿಸುತ್ತಿದ್ದರು. ಮಳೆಗಾಲದ ಮೇಲೆ ಅಲ್ಲೊಂದು ಹೊಸ ಹುತ್ತ ಎದ್ದಿತ್ತಂತೆ, ಅದು ನಕ್ಷೆಯಲ್ಲಿರಲಿಲ್ಲವಂತೆ. ಓಟ, ಸಹಿ, ಗಡುವು ಎಲ್ಲ ಮರೆತು ಕುಳಿತುಬಿಟ್ಟಿದ್ದಾರೆ. ನನಗೆ ಅಳುವೂ ಬಂತು, ಎರಡು ಬಿಡಬೇಕೆಂಬಷ್ಟು ಸಿಟ್ಟೂ ಬಂತು. ಅಷ್ಟರಲ್ಲಿ ಅಕ್ಕೋರ ಸೀಟಿ ಕೇಳಿ ಎಲ್ಲ ಕಡೆಯಿಂದ ಜನ ಬಂದು ಸೇರಿದರು, ಬೆವರು ಸುರಿಸುತ್ತ, ಮೈಯೆಲ್ಲ ಮುಳ್ಳು, ಮುಖವೆಲ್ಲ ನಗು. ಕಾಕಾ ಕನ್ನಡಕ ಮೇಲೆತ್ತಿ ನೋಡಿ, "ಯಾಕ ಇಷ್ಟ ಮಂದಿ ಬಂದೀರಿ? ಹುತ್ತಾ ತುಳೀಬ್ಯಾಡ್ರಿ, ಈಗರೆ ಬರದೀನಿ" ಎಂದರು. ಗುರುಲಿಂಗ ನಗುತ್ತ ನೆಲಕ್ಕೆ ಕುಳಿತವನು ಐದು ನಿಮಿಷ ಏಳಲಿಲ್ಲ.

ಬಾವಿಯಿಂದ ನೀರು ಸೇದಿದೆವು. ಕೊಳವೆಯಲ್ಲಿ ಬಾರದ ನೀರನ್ನು ಅವರಲ್ಲಿ ಹೆಚ್ಚಿನವರು ಕುಡಿದದ್ದು ಅದೇ ಮೊದಲು. ನಾನು ಸಹಿಯ ಹಾಳೆ ತೆಗೆದು ಗಂಟಲು ಸರಿಮಾಡಿಕೊಂಡೆ, ಭಾಷಣ ಸಿದ್ಧವಿತ್ತು. ಅಕ್ಕೋರು ಹಾಳೆ ಕಸಿದುಕೊಂಡು ಓದಿದರು, ಮೊದಲ ಸಹಿ ತಾವೇ ಹಾಕಿದರು, ಆಮೇಲೆ ಸೀಟಿ ಊದಿ ಎಲ್ಲರನ್ನೂ ಸಾಲು ನಿಲ್ಲಿಸಿದರು. "ಹೆಸರು ದುಂಡಗ ಬರೀರಿ. ಗೀಚಿದ್ರ ಅಳಿಸಿ ಮತ್ತ ಬರಸ್ತೀನಿ" ಎಂದರು. ನಲವತ್ತು ದಾಟಿದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಕೆಳಗಿಳಿದು ಎಣಿಸಿದರೆ ಅರವತ್ತೇಳು. ಮಂಡಳಿಯವರಿಗೆ ಹಾಳೆ ಕೊಟ್ಟು ರಸೀದಿ ತಂದು ಈ ಪತ್ರದ ಮುಂದೆ ಇಟ್ಟುಕೊಂಡಿದ್ದೇನೆ. ಅರವತ್ತು ನಕ್ಷೆಯಲ್ಲಿ ಒಂದೂ ವಾಪಸ್ ಬರಲಿಲ್ಲ. ಕೇಳಿದರೆ, "ಅದು ನನ್ನ ನಕ್ಷಿ" ಎನ್ನುತ್ತಾರೆ. ಬರುವ ರವಿವಾರದಿಂದ ಓಟದಲ್ಲಿ ಎರಡು ದಾರಿ ಇರುತ್ತವೆ ಎಂದು ಅಕ್ಕೋರು ಫಲಕ ಬರೆಸಿದ್ದಾರೆ. ಕಾಕಾ ಹುತ್ತ ಸೇರಿಸಿದ ಹೊಸ ಪ್ರತಿ ಮಾಡುತ್ತಿದ್ದಾರೆ. ನನ್ನ ಮೊಣಕಾಲು ಕುಂಬಳಕಾಯಿಯಷ್ಟು ಊದಿದೆ, ಆದರೂ ಇಷ್ಟು ಖುಷಿ ನನಗೆ ಎಂದು ಆಗಿತ್ತೋ ನೆನಪಿಲ್ಲ.

ಊಟ ಮಾಡುವಾಗ ಒಂದು ಯೋಚನೆ ಬಂದು ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನೀವು ಅಂದು ನೀರು ಕೇಳದೆ ಹೋಗಿದ್ದರೆ? ಸಂಘ ಆ ವಾರವೇ ಮುಚ್ಚುತ್ತಿತ್ತು. ಕಾಕಾನಿಗೆ ನಲವತ್ತು ವರ್ಷದ ಆ ಕೆಲಸ ಇರುತ್ತಿರಲಿಲ್ಲ, ಹೆಂಡತಿ ಹೋದ ಮೂರನೇ ದಿನ ಹೋಗಲು ಜಾಗ ಇರುತ್ತಿರಲಿಲ್ಲ. ಅದಕ್ಕೇ ಈ ಪತ್ರ.

ತಾಯಿ, ನೀವು ಯಾರೋ ನನಗೆ ಗೊತ್ತಿಲ್ಲ. ಈ ಪತ್ರ ಸಿಕ್ಕ ಮೇಲೆ ಬರುವ ರವಿವಾರ ಕೆರೆಯ ಓಟಕ್ಕೆ ಹೋಗುತ್ತೀರಿ. ಏರಿಯ ಕೊನೆಯಲ್ಲಿ ಒಂದು ಟೇಬಲ್ ಇರುತ್ತದೆ, ಅದರ ಮೇಲೆ ಕಿತ್ತಳೆ-ಬಿಳಿ ಬಾವುಟ. ಹಿಂದೆ ನಿಂತ ಇಬ್ಬರು ಸಂಕೋಚದ ಪ್ರಾಣಿಗಳು, ತಾವಾಗಿ ಯಾರನ್ನೂ ಕರೆಯುವುದಿಲ್ಲ. ನಾವೂ ಹಾಗೆಯೇ, ಇದು ಈ ಆಟದವರ ಜಾಯಮಾನ. ಬಾಯಾರಿಕೆ ಇಲ್ಲದಿದ್ದರೆ ನೀವು ಅವರ ಕಡೆ ನೋಡದೆ ಮನೆಗೆ ಹೋಗಿಬಿಡುತ್ತೀರಿ. ಆದ್ದರಿಂದ ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಹೊರಡುವ ಮುಂಚೆ ನೀರಿನ ಬಾಟಲಿ ತುಂಬಿ ಬಾಗಿಲ ಪಕ್ಕ ಇಟ್ಟಿರುತ್ತೀರಲ್ಲ, ಅದನ್ನು ಅಲ್ಲೇ ಮರೆತು ಬನ್ನಿ.

ನಿಮ್ಮ ಬಾವಿಯ ನೀರು ಕುಡಿದವಳು,
ಕಾಶೀಬಾಯಿ ಮೊರಬ