ಕೆಂಪು ದಾರದ ಜೇಬು

ಹಂಗಳ
೧೨ ಆಗಸ್ಟ್ ೨೦೨೪

ಮಗಳು ಮಧುಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ಫೋನಿನಲ್ಲಿ ನೀನು ಅಷ್ಟೆಲ್ಲ ಕೇಳಿದೆ, ನಾನು ಹೂಂ, ಊಹೂಂ ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನ ಅಕ್ಷರ, ಸ್ವಲ್ಪ ಕಷ್ಟಪಟ್ಟು ಓದಿಕೋ.

ನೀನು ಇಪ್ಪತ್ತು ವರ್ಷ ಫ್ಯಾಷನ್ ಶೋಗಳಲ್ಲಿ ತೊಟ್ಟ ಬಟ್ಟೆಗಳನ್ನೆಲ್ಲ ಮುಂಬಯಿಯಲ್ಲಿ ಪ್ರದರ್ಶನಕ್ಕಿಡುತ್ತಾರೆ, ಅಪ್ಪನ ಆ ಹಳೇ ಶರ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ, ಪಕ್ಕದಲ್ಲಿಡಲು ಅಪ್ಪನ ಇನ್ನೊಂದು ಶರ್ಟು ಕಳಿಸು ಅಂದೆ. ಒಂದೂ ಇಲ್ಲ ಕಣಮ್ಮಿ. ಅಪ್ಪ ತೀರಿಕೊಂಡ ಹನ್ನೊಂದರ ದಿನ ಅವರ ಬಟ್ಟೆಯನ್ನೆಲ್ಲ ಗುಂಡಿ ತೋಡಿದವರಿಗೆ ಕೊಟ್ಟೆ. ಆವತ್ತೂ ನನಗೆ ಅಳು ಬರಲಿಲ್ಲ. ಎರಡು ತಿಂಗಳಾಯಿತು, ಇನ್ನೂ ಬಂದಿಲ್ಲ. ಹಾಲು ಕರೆಯುತ್ತೇನೆ, ಎರಡು ಮುದ್ದೆ ಕಟ್ಟುತ್ತೇನೆ, ಒಂದನ್ನು ನಾಯಿಗೆ ಹಾಕುತ್ತೇನೆ.

ಹೋದ ವಾರ ಪಿಂಚಣಿ ಕಾಗದಕ್ಕೆಂದು ಚಾಮರಾಜನಗರಕ್ಕೆ ಹೋಗಿದ್ದೆ. ಅಲ್ಲೊಂದು ಬಟ್ಟೆ ಅಂಗಡಿಯ ಮುಂದೆ ಬೊಂಬೆಗೆ ಸೀರೆ ಉಡಿಸಿ, ಮೇಲೆ ಗಂಡಸರ ತುಂಬುತೋಳಿನ ಶರ್ಟು ತೊಡಿಸಿದ್ದರು. ಜೇಬಿನ ಬಾಯಿಗೆ ಕೆಂಪು ದಾರದ ಹೊಲಿಗೆ. ಯಾಕಪ್ಪ ಹೊಲಿದಿದ್ದೀರಿ ಎಂದು ಅಂಗಡಿಯವನನ್ನು ಕೇಳಿದೆ. "ಇದು ಮಧು ಶರ್ಟು ಕಣವ್ವ, ಜೇಬು ಬಿಚ್ಬುಟ್ರೆ ಯಾರೂ ತಕ್ಕೊಳಲ್ಲ" ಅಂದ. ನಾನು ನಿನ್ನ ಅವ್ವ ಎಂದು ಹೇಳಲಿಲ್ಲ. ಚೆಂಡುಹೂ ಬಿಡಿಸುವಾಗ ತೋಳು ಕೆರೆಯಬಾರದೆಂದು ನಾವು ಗಂಡಂದಿರ ಹಳೇ ಶರ್ಟು ಹಾಕಿಕೊಳ್ಳುವುದು, ಪೇಟೆಗೆ ಹೊರಟರೆ ನಾಚಿಕೆಯಿಂದ ಬಿಚ್ಚಿಡುವುದು. ಗುಂಡ್ಲುಪೇಟೆ ಕಾಲೇಜಿನ ಹುಡುಗಿಯರು ಈಗ ಪೇಟೆಗೆ ಹೊರಟಾಗಲೇ ಅದನ್ನು ತೊಡುತ್ತಾರೆ. ನನಗೆ ನಗು ಬರಬೇಕಿತ್ತು.

ಒಂದು ವಿಷಯ ಹೇಳಿಬಿಡುತ್ತೇನೆ. ಅಪ್ಪ ಮೈಮೇಲಿನ ಶರ್ಟು ಬಿಚ್ಚಿಕೊಟ್ಟು ಹರಸಿ ಕಳಿಸಿದರು ಎಂದು ನೀನು ಟಿವಿಯಲ್ಲೆಲ್ಲ ಹೇಳಿದ್ದೀಯಲ್ಲ, ಅದು ನಾನು ಕಟ್ಟಿದ ಸುಳ್ಳು. ಉಡಿಗಾಲದವರಿಗೆ ನಿನ್ನನ್ನು ಮದುವೆ ಮಾಡಿ ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಬೆಂಗಳೂರಿನ ಬೆಳಗಿನ ಬಸ್ಸಿಗೆ ನಿನ್ನನ್ನು ಹತ್ತಿಸಿದಾಗ ಅವರು ಮುಸುಕು ಹಾಕಿಕೊಂಡು ಮಲಗಿದ್ದರು. ನಿನ್ನ ಹೆಗಲಿಗೆ ಹೊದಿಸಿದ್ದು ನಾನು ಹೊಲಕ್ಕೆ ತೊಡುತ್ತಿದ್ದ ಶರ್ಟು. ಅಪ್ಪನ ಮೇಲೆ ದ್ವೇಷ ಹೊತ್ತುಕೊಂಡು ಹೋಗಬೇಡ ಎಂದು, ಅವರೇ ಕೊಟ್ಟರು ಅಂದೆ.

ಆಮೇಲೆ ದಿಲ್ಲಿಯ ವೇದಿಕೆಯ ಮೇಲೆ ರೇಷ್ಮೆ ಸೀರೆಗೆ ಅದನ್ನೇ ತೊಟ್ಟು ನಡೆದೆ, ದೇಶವೆಲ್ಲ ನಿನ್ನ ಫೋಟೋ ಬಂತು. ನಿಮ್ಮಪ್ಪ ಹೋಟೆಲಿನ ಮುಂದೆ ಕೂತು, "ನಾನೇ ಮೈಮೇಲಿಂದ ಬಿಚ್ಚಿ ಕೊಟ್ಟೆ ಕಣ್ಲಾ" ಎಂದು ಹೇಳಿ ಹೇಳಿ ಕೊನೆಗೆ ತಾವೇ ನಂಬಿಬಿಟ್ಟರು. ಅಪ್ಪ ಮಗಳು ಮತ್ತೆ ಮಾತಾಡಿದ್ದು ಅದರಿಂದ. ಅವರಿರುವಷ್ಟು ದಿನ ಅದು ಅವರದಾಗಿರಲಿ ಎಂದು ಸುಮ್ಮನಿದ್ದೆ.

ಜೇಬು ಯಾಕೆ ಹೊಲಿದಿತ್ತು ಎಂದು ಪ್ರದರ್ಶನದವರು ಕೇಳುತ್ತಿದ್ದಾರೆ ಅಂದೆ. ಹೂವಿನ ಎಸಳು ತುಂಬಿಕೊಳ್ಳದಿರಲಿ ಎಂದು ಹೊಲಿಯುತ್ತಾರೆ ಅಂತ ಬರೆಸು.

ಮೊನ್ನೆ ಪತ್ರಿಕೆಯಲ್ಲಿ ನಿನ್ನ ಮಾತು ಓದಿದೆ. ಮೊದಲ ವರ್ಷ ಬೆಂಗಳೂರಿನಲ್ಲಿ ನೀರು ಕುಡಿದು ಮಲಗಿದ ದಿನಗಳೇ ಹೆಚ್ಚು, ವಾಸನೆ ಹೋಗುತ್ತದೆಂದು ಆ ಶರ್ಟನ್ನು ಒಗೆಯದೆ ಅಪ್ಪಿಕೊಂಡು ಮಲಗುತ್ತಿದ್ದೆ ಎಂದಿದ್ದೀಯ. ಆ ಹಾಳೆಯನ್ನು ಮಡಚಿ ಟ್ರಂಕಿನಲ್ಲಿಟ್ಟೆ.

ನೀನು ಕಳಿಸಿದ ಓಲೆ ಟ್ರಂಕಿನಲ್ಲಿ ಭದ್ರವಾಗಿದೆ. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಪದೇಪದೇ ಕೇಳಬೇಡ, ನನಗೆ ಕಿವಿಗೆ ಬೇವಿನ ಕಡ್ಡಿಯೇ ಒಗ್ಗಿಹೋಗಿದೆ. ನೀನು ಹೋದ ವಾರವೇ, ತವರಿನ ಬೆಂಡೋಲೆ ಹೊಲದಲ್ಲಿ ಬಿದ್ದುಹೋಯಿತು ಅಂದಿದ್ದೆ. ನಿಮ್ಮಪ್ಪ ಬೈಯುತ್ತಲೇ ಮೂರು ದಿನ ಸಾಲುಸಾಲು ಹುಡುಕಿದರು, ಪಾಪ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಶಿವರುದ್ರಮ್ಮ

ಮರೆತು ಬಿಟ್ಟುಹೋದದ್ದಲ್ಲ, ಬರೆಯಲು ಕೈ ಬರಲಿಲ್ಲ: ಹೊಲದ ಶರ್ಟಿನ ಜೇಬನ್ನು ಯಾರೂ ಹೊಲಿಯುವುದಿಲ್ಲ. ಗಾಜು ಮುಚ್ಚುವ ಮುಂಚೆ ಆ ಕೆಂಪು ದಾರ ಬಿಚ್ಚು. ಬಟ್ಟೆ ಚೂರಿನಲ್ಲಿ ಸುತ್ತಿ, ಕೈಗೆ ತಾಕದ ಹಾಗೆ ತಳದ ಮಡಿಕೆಗೆ ಹೊಲಿದ ನನ್ನ ಬೆಂಡೋಲೆ ಒಳಗಿದೆ. ಕಷ್ಟ ಬಂದರೆ ಮಾರಿಕೊಳ್ಳಲಿ ಎಂದು ಇಟ್ಟಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲೇ ಊರಿನವರು ಕೂತಿದ್ದರು, ಚಿನ್ನದ ಮಾತು ಬಾಯಿಬಿಟ್ಟು ಹೇಳಲಾಗಲಿಲ್ಲ, ಫೋನಿನಲ್ಲಿ ಹೇಳೋಣ ಅಂದುಕೊಂಡೆ. ನಿನ್ನ ಫೋನು ಬರಲು ಹನ್ನೊಂದು ತಿಂಗಳಾಯಿತು. ಊಟ ಮಾಡಿದೆಯಾ ಎಂದು ಕೇಳಿದೆ, ಇಲ್ಲ ಅಂದರೆ ಓಲೆಯ ಮಾತು ಹೇಳೋಣವೆಂದು. ಆಯ್ತವ್ವ ಅಂದೆ.